ಆಟಗಾರನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ

ಟ್ರೋಲ್ ಎಂಬ ರಾಕ್ಷಸನಿಗೆ ಎಷ್ಟು ಗಾಯ ಮಾಡಿದರೂ ಅದು ತಾನಾಗಿ ಕೂಡಿಕೊಳ್ಳುತ್ತದೆ. ಅವನನ್ನು ಮುಗಿಸಲು ಬೆಂಕಿ ಬೇಕು, ಇಲ್ಲವೇ ಆಸಿಡ್. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರದಾಟ ಆಡಿದವರಲ್ಲಿ ಇದು ಗೊತ್ತಿಲ್ಲದವರು ಕಡಿಮೆ. ಆದರೆ ಮೊದಲ ಸಲ ಊರ ಗಡಿ ದಾಟಿದ ಕುರಿ ಕಾಯುವ ಹುಡುಗಿಗೆ, ಅಂದರೆ ಒಬ್ಬ ಆಟಗಾರ್ತಿ ವಹಿಸಿಕೊಂಡ ಪಾತ್ರಕ್ಕೆ, ಅದು ಗೊತ್ತಿರಲು ಹೇಗೆ ಸಾಧ್ಯ? ಆಟಗಾರ ತನಗೆ ತಿಳಿದದ್ದನ್ನು ಪಾತ್ರದ ತಲೆಗೆ ತುಂಬುವುದನ್ನು ಮೆಟಾಗೇಮಿಂಗ್ ಎನ್ನುತ್ತಾರೆ. ಅದು ಕಳ್ಳಾಟ ಎಂಬ ಮಾತು ಎಲ್ಲ ಟೇಬಲ್‌ಗಳಲ್ಲೂ ಕೇಳುತ್ತದೆ. ಈ ಆಟಗಳ ಚರಿತ್ರೆಯನ್ನು ನೋಡಿದರೆ ವಿಷಯ ಅಷ್ಟು ಸರಳವಿಲ್ಲ.

ಶುರುವಾದದ್ದು ಪ್ರಷ್ಯದ ಸೈನ್ಯದಲ್ಲಿ. 1824ರಲ್ಲಿ ರೈಸ್ವಿಟ್ಸ್ ಎಂಬ ಯುವ ಅಧಿಕಾರಿ ರೂಪಿಸಿದ ‘ಕ್ರೀಗ್ಸ್‌ಸ್ಪೀಲ್’ ಎಂಬ ಯುದ್ಧದಾಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿರುತ್ತಿದ್ದ. ಎದುರಾಳಿಯ ಪಡೆ ಕಣ್ಣಿಗೆ ಬೀಳುವ ತನಕ ನಕ್ಷೆಯ ಮೇಲೆ ಅದರ ಗುರುತು ಇಡುವಂತಿರಲಿಲ್ಲ. ಸೇನಾಪತಿಗೆ ಎಷ್ಟು ಗೊತ್ತಿರಬಹುದೋ ಆಡುವವನಿಗೂ ಅಷ್ಟೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ ಆ ತೀರ್ಪುಗಾರನೇ ಡಂಜನ್ ಮಾಸ್ಟರ್ ಆದ. ಅವನು ಲೋಕವನ್ನು ಬಣ್ಣಿಸುತ್ತಾನೆ, ಉಳಿದವರು ತಲಾ ಒಂದು ಪಾತ್ರವಾಗಿ ಮಾತಾಡುತ್ತಾರೆ, ಸೋಲು ಗೆಲುವನ್ನು ದಾಳ ಹೇಳುತ್ತದೆ.

ಆ ಮೊದಲ ವರ್ಷಗಳಲ್ಲಿ ಆಟಗಾರನ ಜಾಣ್ಮೆಯನ್ನು ಯಾರೂ ತಪ್ಪೆನ್ನಲಿಲ್ಲ, ಪರೀಕ್ಷೆಗೆ ಬೀಳುತ್ತಿದ್ದದ್ದೇ ಅದು. 1975ರಲ್ಲಿ ಸ್ಪರ್ಧೆಗೆಂದು ಗೈಗ್ಯಾಕ್ಸ್ ಬರೆದ ‘ಟೂಂಬ್ ಆಫ್ ಹಾರರ್ಸ್’ನಲ್ಲಿ ಬಾಯಿ ತೆರೆದ ಹಸಿರು ಪಿಶಾಚಿಯ ಮುಖವೊಂದಿದೆ, ಅದರೊಳಗೆ ಹೊಕ್ಕವನು ಇಲ್ಲವಾಗುತ್ತಾನೆ. ಅಲ್ಲಿ ನಿಮ್ಮ ಪಾತ್ರದ ಬಲ ಕೆಲಸಕ್ಕೆ ಬರುವುದಿಲ್ಲ, ನಿಮ್ಮ ಬುದ್ಧಿ ಬೇಕು. ಇಂಥ ಬಲೆ ಒಂದು ಸಲ ಓದಿದವನಿಗೆ ಬಲೆಯಾಗಿ ಉಳಿಯುವುದಿಲ್ಲ. ರಾಕ್ಷಸರ ವಿವರವೆಲ್ಲ ಇರುವ ‘ಮಾನ್‌ಸ್ಟರ್ ಮ್ಯಾನ್ಯುಯಲ್’ 1977ರಲ್ಲಿ ಅಂಗಡಿಗೆ ಬಂದು ಯಾರು ಬೇಕಾದರೂ ಕೊಳ್ಳುವಂತಾಯಿತು. 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಮಾತ್ರ ಆಟಗಾರರು ಮುಟ್ಟಕೂಡದ ಪುಸ್ತಕ ಎಂದು ಅದರ ಮುನ್ನುಡಿಯಲ್ಲೇ ಗೈಗ್ಯಾಕ್ಸ್ ಗದರಿಸಿದರು. ಅಚ್ಚಾಗಿ ಮಾರಾಟಕ್ಕಿಟ್ಟ ಪುಸ್ತಕವನ್ನು ಗುಟ್ಟಾಗಿಡುವುದು ಆಗುವ ಕೆಲಸವೇ?

ಮುಂದೆ ಬಂದವರು ಗುಟ್ಟು ಕಾಯುವುದನ್ನು ಬಿಟ್ಟು, ತಿಳಿವಳಿಕೆಗೇ ಬೆಲೆ ಕಟ್ಟಿದರು. ಸ್ಯಾಂಡಿ ಪೀಟರ್ಸನ್ 1981ರಲ್ಲಿ ತಂದ ‘ಕಾಲ್ ಆಫ್ ಕ್ಥುಲು’ ಆಟದಲ್ಲಿ ಪಾತ್ರಕ್ಕೆ ಆ ಭೀಕರ ಲೋಕದ ಜ್ಞಾನ ಹೆಚ್ಚಿದಷ್ಟೂ ಅದರ ಮಾನಸಿಕ ಸ್ವಾಸ್ಥ್ಯದ ಗರಿಷ್ಠ ಮಿತಿ ಇಳಿಯುತ್ತ ಹೋಗುತ್ತದೆ. 1984ರ ‘ಪ್ಯಾರನೋಯಾ’ದಲ್ಲಂತೂ ನಿಯಮ ತನಗೆ ಗೊತ್ತೆಂದು ತೋರಿಸಿಕೊಳ್ಳುವುದೇ ರಾಜದ್ರೋಹ. 2000ದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂರನೆಯ ಆವೃತ್ತಿ ಜ್ಞಾನವನ್ನೂ ಒಂದು ಕೌಶಲವೆಂದು ಎಣಿಸಿತು: ಪಾತ್ರಕ್ಕೆ ಗೊತ್ತೋ ಇಲ್ಲವೋ, ಇಪ್ಪತ್ತು ಮುಖದ ದಾಳ ಉರುಳಿಸಿ ನೋಡಿ. ಲೆಕ್ಕ ಚೊಕ್ಕವಾಯಿತು, ನಿಜ. ಆದರೆ ಪಾತ್ರಕ್ಕೆ ಗೊತ್ತಿಲ್ಲವೆಂದು ದಾಳ ಹೇಳಿದ ಮೇಲೆ ಗೊತ್ತಿರುವವನು ಗೊತ್ತಿಲ್ಲದವನಂತೆ ಸುಮ್ಮನೆ ಕೂರಬೇಕಾಯಿತು, ಅದರಲ್ಲಿ ಕಲೆ ಏನೂ ಇಲ್ಲ.

ಈ ಗಂಟನ್ನು ನಮ್ಮ ಕರಾವಳಿ ಬೇರೆ ದಾರಿಯಲ್ಲಿ ಬಿಡಿಸಿದೆ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ. ಕತೆ ಅವನಿಗೂ ಗೊತ್ತು, ಎದುರಾಳಿಗೂ ಗೊತ್ತು, ಚಾಪೆಯ ಮೇಲೆ ಕೂತ ಅಜ್ಜಿಗೂ ಗೊತ್ತು. ‘ಕರ್ಣಭೇದನ’ ಪ್ರಸಂಗದಲ್ಲಿ ಕೃಷ್ಣ ಬಾಯಿ ಬಿಡುವ ತನಕ ಕರ್ಣನ ಅರ್ಥ ಹೇಳುವವನು ತಾನು ಕುಂತಿಯ ಮಗನೆಂಬ ಸುಳಿವನ್ನೂ ಕೊಡಕೂಡದು. ‘ಕರ್ಣಪರ್ವ’ಕ್ಕೆ ಬಂದಾಗ ಕರ್ಣನಿಗೆ ಗೊತ್ತು, ಅರ್ಜುನನಿಗೆ ಗೊತ್ತಿಲ್ಲ, ಸಾರಥಿ ಕೃಷ್ಣನಿಗೆ ಎಲ್ಲವೂ ಗೊತ್ತು. ಒಂದೇ ರಣರಂಗದಲ್ಲಿ ಮೂರು ಬಗೆಯ ತಿಳಿವು ಎದುರುಬದುರಾಗುತ್ತವೆ. ಅಲ್ಲಿ ಅರಿವನ್ನು ಮುಚ್ಚಿಟ್ಟರಷ್ಟೇ ಸಾಲದು. ಅರ್ಜುನನ ಅಜ್ಞಾನಕ್ಕೆ ಅದರದೇ ತರ್ಕ, ಅದರದೇ ಸಿಟ್ಟು ಇರಬೇಕು. ಅಂಥ ಮಾತಿಗೇ ಕೇಳುಗರು ತಲೆದೂಗುವುದು.

ಕಾಸರಗೋಡು ಸೀಮೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧ ಹೆಸರಾದದ್ದು ಈ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ. ವಾಲಿ ಸಾಯುವುದು ಖಚಿತ, ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಅವನು ಹಾಕುವ ಪ್ರಶ್ನೆ ಆ ಹೊತ್ತಿಗೆ ಉತ್ತರವೇ ಇಲ್ಲದ ಪ್ರಶ್ನೆಯಂತೆ ಕೇಳಬೇಕು. ಅರ್ಥಧಾರಿಗಳಲ್ಲೂ ಮೆಟಾಗೇಮಿಂಗ್ ಇದೆ, ಮುಚ್ಚುಮರೆಯಿಲ್ಲದೆ ಇದೆ: ಹಿಂದಿನ ಕೂಟದಲ್ಲಿ ಎದುರಾಳಿ ಎತ್ತಿದ ಆಕ್ಷೇಪಕ್ಕೆ ಉತ್ತರ ಹೊಂದಿಸಿಕೊಂಡೇ ಇವತ್ತು ಬಂದು ಕೂರುತ್ತಾರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ತ್ರೇತಾಯುಗದ ಬಾಯಲ್ಲಿ ಇವತ್ತಿನ ಸಂಗತಿ ಬಂದರೆ ಮಾತ್ರ ಕೂಟ ಮುಗಿದ ಮೇಲೆ ಚಹಾ ಕುಡಿಯುವಾಗ ಟೀಕೆ ತಪ್ಪಿದ್ದಲ್ಲ.

ಪಶ್ಚಿಮದ ಆಟಗಳು ಈ ಕಡೆ ಹೊರಳಿದ್ದು ಈಚೆಗೆ. 2009ರ ‘ಫಿಯಾಸ್ಕೊ’ದಲ್ಲಿ ಡಂಜನ್ ಮಾಸ್ಟರನೇ ಇಲ್ಲ, ತಮ್ಮ ಪಾತ್ರಗಳು ಹಾಳಾಗಿ ಹೋಗುತ್ತವೆಂದು ಎಲ್ಲರಿಗೂ ಗೊತ್ತಿದ್ದೇ ಆಟ ನಡೆಯುತ್ತದೆ. 2010ರ ‘ಅಪೋಕಲಿಪ್ಸ್ ವರ್ಲ್ಡ್’ ಇನ್ನೂ ಮುಂದೆ ಹೋಗಿ, ಕತೆ ಎಲ್ಲಿಗೆ ಮುಟ್ಟುತ್ತದೆಂದು ಆಟ ನಡೆಸುವವನೂ ಮೊದಲೇ ನಿರ್ಧರಿಸಬಾರದು ಎಂದಿತು.

ಇಲ್ಲಿ ಪುಣೆಯ ನಿಗಡಿ ಪ್ರಾಧಿಕರಣದಲ್ಲಿ, ಆಕುರ್ಡಿ–ಚಿಂಚವಡದ ಕಾರ್ಖಾನೆಗಳಿಗೆಂದು ಬಂದು ನೆಲೆಸಿದ ಕನ್ನಡದ ಮನೆಗಳ ಮಕ್ಕಳು ಮರಾಠಿ ಗೆಳೆಯರ ಜೊತೆ ಈ ಆಟ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕುರಿಗಾಹಿಯ ಪಾತ್ರ ವಹಿಸಿದ್ದ ಹುಡುಗಿಗೆ ಟ್ರೋಲ್‌ನ ಗುಟ್ಟು ಚೆನ್ನಾಗಿ ಗೊತ್ತಿತ್ತು. ಅವಳು ಮೊದಲು ಕೋಲಿನಿಂದ ಹೊಡೆದಳು. ಗಾಯ ಕೂಡಿಕೊಂಡಿತು ಎಂದ ಡಂಜನ್ ಮಾಸ್ಟರ್. ‘ಅಯ್ಯೋ, ತೋಳ ಬಂದಾಗ ನಮ್ಮಪ್ಪ ಕೊಳ್ಳಿ ಬೀಸ್ತಿದ್ದ’ ಎಂದು ಕುರಿಗಾಹಿಯ ದನಿಯಲ್ಲೇ ಕೂಗಿ, ಒಲೆಯಿಂದ ಕೊಳ್ಳಿ ಎಳೆದಳು. ಮೆಟಾಗೇಮಿಂಗ್ ಎಂದು ಆಕ್ಷೇಪಿಸಲು ಬಾಯಿ ತೆರೆದವನು ಸುಮ್ಮನಾದ. ಬೆಂಕಿಯ ಕಡೆಗೆ ಅವಳು ಪಾತ್ರದೊಳಗಿಂದಲೇ ಒಂದು ದಾರಿ ಕಂಡುಕೊಂಡಿದ್ದಳು. ಇದನ್ನೇ ನಾನು ಒಳ್ಳೆಯ ಅರ್ಥಗಾರಿಕೆ ಎನ್ನುವುದು.

ಇಂಥ ಮಕ್ಕಳು ಒಂದು ದಿನ ಮಹಾಭಾರತವನ್ನೇ ಟೇಬಲ್ ಮೇಲೆ ಹರಡಿಕೊಂಡರೆ ರಾಕ್ಷಸರ ಪುಸ್ತಕ ಬಚ್ಚಿಡುವ ಉಪಾಯ ನಡೆಯದು, ಏಕೆಂದರೆ ಕತೆ ಎಲ್ಲರ ಮನೆಯಲ್ಲೂ ಇದೆ. ಆಗ ಅವರು ತೀರ್ಮಾನಿಸಬೇಕಾದದ್ದು ಬೇರೆ: ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಬದಲಾಗುವುದಿಲ್ಲ, ದಾಳದ ಆಟದಲ್ಲಿ ಬದಲಾಗಬಹುದು. ಕೃಷ್ಣನ ಮಾತು ಕೇಳಿದ ಕರ್ಣ ಪಾಂಡವರ ಕಡೆ ಬರುತ್ತೇನೆ ಅಂದುಬಿಟ್ಟರೆ ಡಂಜನ್ ಮಾಸ್ಟರ್ ಒಪ್ಪುತ್ತಾನೆಯೇ ಎಂಬುದನ್ನು ಆಟ ಶುರುವಾಗುವ ಮೊದಲೇ ಮಾತಾಡಿಕೊಳ್ಳಬೇಕು.