ಎರಡು ಹೆಸರಿನ ಒಂದು ಆಟ

ವಿಡಿಯೋ ಗೇಮ್ ಎಂದೊಡನೆ ನಮಗೆ ನೆನಪಾಗುವುದು 'ಸಾಕು, ಊಟಕ್ಕೆ ಏಳು' ಎಂದು ಮಕ್ಕಳನ್ನು ಕೂಗುವುದೇ. ಆದರೆ ಈ ಆಟಗಳಿಗೂ ಒಂದು ಚರಿತ್ರೆಯುಂಟು.

1989ರಲ್ಲಿ ಸಿ. ಎಂ. ರಾಲ್ಫ್ ಎಂಬ ಮಹಿಳೆ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ 'ಕೇಪರ್ ಇನ್ ದ ಕ್ಯಾಸ್ಟ್ರೋ' ಎಂಬ ಆಟ ರಚಿಸಿದರು. ಕ್ಯಾಸ್ಟ್ರೋ ಎಂದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಲಿಂಗಿಗಳು ನೆಲೆ ಕಂಡುಕೊಂಡ ಬಡಾವಣೆ. ಆಟದ ನಾಯಕಿ ಹೆಣ್ಣನ್ನೇ ಪ್ರೀತಿಸುವ ಪತ್ತೇದಾರಿಣಿ; ಆಕೆ ಹುಡುಕುವುದು ಅಪಹರಣಕ್ಕೊಳಗಾದ ಒಬ್ಬ ಸ್ತ್ರೀವೇಷಧಾರಿ ಕಲಾವಿದನನ್ನು. ಇಂಥವರನ್ನೇ ಮುಖ್ಯ ಪಾತ್ರಗಳಾಗಿಸಿದ ಮೊದಮೊದಲ ಆಟಗಳಲ್ಲಿ ಇದೊಂದು. ಅದು ಏಡ್ಸ್ ಅಸಂಖ್ಯ ಜೀವಗಳನ್ನು ಕೊಂಡೊಯ್ಯುತ್ತಿದ್ದ ಕಾಲ. ರಾಲ್ಫ್ ಆಟವನ್ನು ಪುಕ್ಕಟೆ ಹಂಚಿ, ಆಡಿದವರು ಏಡ್ಸ್ ಪರಿಹಾರದ ಸೇವಾಸಂಸ್ಥೆಗೆ ಕೈಲಾದಷ್ಟು ಕೊಡಲಿ ಎಂದಷ್ಟೇ ಕೇಳಿಕೊಂಡರು.

ಮಾರಾಟಕ್ಕಿಟ್ಟಾಗ ಅದೇ ಆಟ 'ಮರ್ಡರ್ ಆನ್ ಮೇನ್ ಸ್ಟ್ರೀಟ್' ಆಯಿತು. ಕಥೆಯ ಹಂದರ ಅದೇ. ಸಲಿಂಗಿ ಗುರುತುಗಳು ಮಾತ್ರ ಮಾಯ! ಬಹುಕಾಲ ಕಣ್ಮರೆಯಾಗಿದ್ದ ಮೂಲ ಆಟ 2017ರಲ್ಲಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಮತ್ತೆ ಆಡಲು ಸಿಕ್ಕಿತು.

ಪರದೇಶಕ್ಕೆ ಬಂದು, ಇಲ್ಲಿಯವರ ನಾಲಿಗೆಗೆ ಸುಲಭವಾಗಲೆಂದು ಹೆಸರು ಮೊಟಕು ಮಾಡಿಕೊಂಡವರು ನಮ್ಮಲ್ಲೂ ಇದ್ದೇವೆ. ಅಷ್ಟಕ್ಕೇ ಮನಸ್ಸು ಚುರ್ರೆನ್ನುತ್ತದೆ. ತನ್ನತನವನ್ನೇ ಅಳಿಸಿಕೊಳ್ಳಬೇಕಾದವರ ಪಾಡೇನು? ನಮ್ಮ ಮನೆಯ ಯಾವ ಮಗುವಿಗೂ ಹಾಗೆ ಎರಡು ಹೆಸರಲ್ಲಿ ಬಾಳುವ ಗತಿ ಬಾರದಿರಲಿ.