ಜಠರದ ಗೋಡೆಯೊಳಗಿನ ಕೀವು

ಬಹುಕಾಲ ಇದು ಹೆಚ್ಚಾಗಿ ಶವಪರೀಕ್ಷೆಯ ಮೇಜಿನ ಮೇಲೆಯೇ ಪತ್ತೆಯಾಗುತ್ತಿದ್ದ ಕಾಯಿಲೆ. ನಾವು ನುಂಗುವ ಸೂಕ್ಷ್ಮಾಣುಗಳಲ್ಲಿ ಹೆಚ್ಚಿನವು ಜಠರದ ಆಮ್ಲಕ್ಕೆ ಸಿಕ್ಕಿ ಸಾಯುತ್ತವೆ. ಅಪರೂಪಕ್ಕೊಮ್ಮೆ, ಲೋಳೆಪೊರೆಯ ಗಾಯದಿಂದಲೋ ರಕ್ತದ ಮೂಲಕವೋ ಬ್ಯಾಕ್ಟೀರಿಯಾಗಳು ಜಠರದ ಗೋಡೆಯೊಳಕ್ಕೇ ಇಳಿದು, ಪದರಗಳ ನಡುವೆ ಕೀವು ತುಂಬುತ್ತವೆ. ವೈದ್ಯರು ಇದನ್ನು ಫ್ಲೆಗ್ಮೋನಸ್ ಗ್ಯಾಸ್ಟ್ರೈಟಿಸ್ ಎನ್ನುತ್ತಾರೆ. ಅನ್ನನಾಳಕ್ಕೂ ಇದೇ ಗತಿ ಬರುವುದುಂಟು, ಅದು ಇನ್ನೂ ವಿರಳ.

ಫ್ರಾನ್ಸಿನ ರೋಗಶಾಸ್ತ್ರಜ್ಞ ಜಾನ್ ಕ್ರುವೇಯ್ಲಿಯೆ 19ನೇ ಶತಮಾನದಲ್ಲಿ ಇದನ್ನು ವಿವರಿಸಿದರು. 1889ರಲ್ಲಿ ಜರ್ಮನಿಯ ಯೂಗೆನ್ ಫ್ರೆಂಕೆಲ್ ಇನ್ನೂ ಭಯಂಕರವಾದ ರೂಪವೊಂದನ್ನು ದಾಖಲಿಸಿದರು: ಬ್ಯಾಕ್ಟೀರಿಯಾಗಳು ಹುಟ್ಟಿಸಿದ ಅನಿಲ ಜಠರದ ಗೋಡೆಯಲ್ಲೇ ಗುಳ್ಳೆಗಟ್ಟುವ ಎಂಫೈಸಿಮಾಟಸ್ ಗ್ಯಾಸ್ಟ್ರೈಟಿಸ್. ಕೀವಿನ ರೂಪಕ್ಕೆ ಹೆಚ್ಚಾಗಿ ಕಾರಣ ಸ್ಟ್ರೆಪ್ಟೊಕಾಕಸ್. ಗಂಟಲು ನೋವನ್ನೂ ಬಾಣಂತಿ ಜ್ವರವನ್ನೂ ತರುವುದು ಇದೇ ಕುಲ. ಈ ಕುಲದ ಪಯೋಜೆನಿಸ್ ಜಾತಿ ಇಂದಿಗೂ ಪೆನಿಸಿಲಿನ್‌ಗೆ ಸಾಯುತ್ತದೆ.

ಹಾಗಿದ್ದೂ ಪೆನಿಸಿಲಿನ್ ಬಂದ ಮೇಲೂ ರೋಗಿಗಳು ಸಾಯುತ್ತಲೇ ಇದ್ದರು. ಔಷಧ ಕೈಯಲ್ಲಿತ್ತು, ರೋಗ ಕಣ್ಣಿಗೆ ಬೀಳುತ್ತಿರಲಿಲ್ಲ. ಜ್ವರ, ಮೇಲ್ಹೊಟ್ಟೆಯ ತೀವ್ರ ನೋವು, ವಾಂತಿ: ಹುಣ್ಣು ಒಡೆದರೂ ಮೇದೋಜೀರಕ ಗ್ರಂಥಿ ಊದಿದರೂ ಇವೇ ಲಕ್ಷಣಗಳು. ಶಸ್ತ್ರವೈದ್ಯರು ಹೊಟ್ಟೆ ತೆರೆದಾಗಲೇ ಸಂಗತಿ ಬಯಲಾಗುತ್ತಿತ್ತು.

ಈ ಕಥೆಯ ದಿಕ್ಕು ಬದಲಿಸಿದ್ದು ನೋಡುವ ಸಾಧನಗಳು ಎಂಬುದು ನನ್ನ ಖಚಿತ ಅಭಿಪ್ರಾಯ. 1957ರಲ್ಲಿ ಬೇಸಿಲ್ ಹಿರ್ಶೊವಿಟ್ಸ್ ಬಾಗುವ ಫೈಬರ್ ಎಂಡೋಸ್ಕೋಪನ್ನು ತೋರಿಸಿಕೊಟ್ಟರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆಯಿತು. ಎಂಡೋಸ್ಕೋಪಿಯಲ್ಲಿ ಜಠರದ ಮಡಿಕೆಗಳು ಊದಿ ಕೆಂಪು–ನೇರಳೆಗೆ ತಿರುಗಿರುತ್ತವೆ, ಕೆಲವೊಮ್ಮೆ ಕೀವು ಒಸರುತ್ತದೆ. ಆದರೆ ಸೋಂಕು ಲೋಳೆಪೊರೆಯ ಕೆಳಗಿರುವುದರಿಂದ ಮೇಲ್ಮೈಯಿಂದ ಕಿತ್ತ ಚೂರಿನಲ್ಲಿ ಏನೂ ಸಿಗದೆ ಹೋಗಬಹುದು. ಬಯಾಪ್ಸಿ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಕೂರುವುದು ಇಲ್ಲಿ ಅಪಾಯ. ಸಿ.ಟಿ. ಚಿತ್ರದಲ್ಲಿ ದಪ್ಪಗಾದ ಗೋಡೆ, ಅದರೊಳಗೆ ಕೀವಿನ ಮಸುಕು ಪಟ್ಟಿ, ಅನಿಲವಿದ್ದರೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಗೋಡೆಯಲ್ಲಿ ಗಾಳಿ ಕಂಡದ್ದೆಲ್ಲ ಸೋಂಕೂ ಅಲ್ಲ. ವಾಂತಿಯ ಒತ್ತಡಕ್ಕೋ ಉಪಕರಣ ತಾಗಿಯೋ ಸೇರಿದ ಗಾಳಿ ತಾನಾಗಿ ಇಳಿಯುವುದುಂಟು.

ಚಿಕಿತ್ಸೆಯ ವಾದ ಇನ್ನೂ ಮುಗಿದಿಲ್ಲ. 2005ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವು ಕಡಿಮೆಯಿತ್ತು. ಆದರೆ ಆಪರೇಷನ್ ತಡೆದುಕೊಳ್ಳುವಷ್ಟು ಗಟ್ಟಿಯಾಗಿದ್ದವರನ್ನೇ ಆಪರೇಷನ್‌ಗೆ ಆರಿಸಿರುತ್ತಾರಲ್ಲ, ಹಾಗಾಗಿ ಆ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಈಚಿನ ವರದಿಗಳಲ್ಲಿ ಬೇಗ ಪತ್ತೆಯಾದ ಹಲವರು ಆಂಟಿಬಯಾಟಿಕ್‌ನಿಂದಲೇ ಗುಣವಾಗಿದ್ದಾರೆ. ಅನ್ನನಾಳದಲ್ಲಿ ಕೀವು ಕಟ್ಟಿದಾಗ ಎಂಡೋಸ್ಕೋಪಿಯಿಂದಲೇ ಗೀರಿ ಹೊರಹರಿಸಿದ ಉದಾಹರಣೆಗಳೂ ಇವೆ. ಗೋಡೆ ಕೊಳೆತರೆ, ತೂತುಬಿದ್ದರೆ ಮಾತ್ರ ಕತ್ತರಿ ಅನಿವಾರ್ಯ.

ಕೊಯಮತ್ತೂರು ನಗರದ ಗಣಪತಿ ಬಡಾವಣೆಯಂಥ ಕಡೆ ಇದನ್ನು ಹೇಳಲು ಕಾರಣವಿದೆ. ಸಕ್ಕರೆ ಕಾಯಿಲೆ, ಮದ್ಯ, ಕ್ಯಾನ್ಸರ್, ರೋಗನಿರೋಧಕ ಶಕ್ತಿ ಕುಗ್ಗಿಸುವ ಮದ್ದು, ಆಸಿಡ್ ನುಂಗಿದ ಸುಟ್ಟಗಾಯ: ಈ ಸೋಂಕಿಗೆ ಹೆಚ್ಚಾಗಿ ದಾರಿ ಮಾಡುವವು ಇವು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಇನ್ನೊಂದು ಕಾರಣ ದೂರ. ಗಣಪತಿಯನ್ನು ಹಾದುಹೋಗುವ ಸತ್ಯಮಂಗಲ ರಸ್ತೆ ದಿಂಬಂ ಘಾಟಿನ 27 ತಿರುವುಗಳನ್ನು ಹತ್ತಿ ಚಾಮರಾಜನಗರಕ್ಕೆ ಸಾಗುತ್ತದೆ. ಘಾಟಿನಾಚೆ ಕನ್ನಡ ಮಾತಾಡುವ ತಾಳವಾಡಿಯ ಹಳ್ಳಿಗಳಿವೆ. ಆ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆಗೆ ಇಳಿದು ಬರುವಷ್ಟರಲ್ಲೇ ಗಂಟೆಗಳು ಕಳೆಯುತ್ತವೆ. ಅದಕ್ಕೂ ಮೊದಲು ‘ಗ್ಯಾಸ್’ ಎಂದುಕೊಂಡು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ದಿನ ದೂಡಿದರೆ ಹೊತ್ತು ಮೀರಿರುತ್ತದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು, ಅವರಿಗೆ ಮೇಲ್ಹೊಟ್ಟೆಯ ತೀವ್ರ ನೋವಿನ ಜೊತೆ ಜ್ವರವೂ ಕಾಣಿಸಿಕೊಂಡರೆ ದಯವಿಟ್ಟು ಬೆಳಗಾಗಲೆಂದು ಕಾಯಬೇಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿ.