ಸ್ವತಂತ್ರ ಚಲನಚಿತ್ರ ನಿರ್ಮಾಪಕರಿಗೆ ಮಾಹಿತಿ: ಸಂಕಲನ ತಂತ್ರಾಂಶದ ಆಯ್ಕೆ

ಪೀಠಿಕೆ

ಭಾರತದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಉದ್ದೇಶಿಸಿದ ಚಲನಚಿತ್ರಕ್ಕೆ 1952ರ ಸಿನಿಮಾಟೋಗ್ರಾಫ್ ಅಧಿನಿಯಮದ ಮೇರೆಗೆ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಅವಶ್ಯಕವಾಗಿರುತ್ತದೆ. ಮಂಡಳಿಯು ಯಾವುದೇ ಭಾಗವನ್ನು ತೆಗೆಯಲು ಅಥವಾ ಮಾರ್ಪಡಿಸಲು ಸೂಚಿಸಿದಲ್ಲಿ, ಮುಗಿದ ಸಂಕಲನವನ್ನು ಪುನಃ ತೆರೆದು ತಿದ್ದಬೇಕಾಗುತ್ತದೆ. ಆ ಹಂತದಲ್ಲಿ ಕಡತ ತೆರೆಯದಿದ್ದರೆ ಬಿಡುಗಡೆಯೇ ವಿಳಂಬವಾಗುವ ಸಂಭವವಿದೆ. ಆದುದರಿಂದ ಸಂಕಲನ ತಂತ್ರಾಂಶವನ್ನು ಅದರ ಜನಪ್ರಿಯತೆಯಿಂದಲ್ಲದೆ, ಕೊನೆಯಲ್ಲಿ ಸಿದ್ಧಪಡಿಸಬೇಕಾದ ಪ್ರತಿಯ ಆಧಾರದ ಮೇಲೆ, ಚಿತ್ರೀಕರಣಕ್ಕೆ ಮುನ್ನವೇ ಆಯ್ಕೆ ಮಾಡುವುದು ಸೂಕ್ತ.

1. ಅಂತಿಮ ಪ್ರತಿಯ ಸ್ವರೂಪ

ಚಿತ್ರಮಂದಿರದ ಪ್ರದರ್ಶನಕ್ಕೆ ಸಾಮಾನ್ಯವಾಗಿ ಡಿಜಿಟಲ್ ಸಿನಿಮಾ ಪ್ಯಾಕೇಜ್, ಅಂದರೆ ಡಿ.ಸಿ.ಪಿ., ಬೇಕಾಗುತ್ತದೆ. 2ಕೆ ಡಿ.ಸಿ.ಪಿ.ಯಲ್ಲಿ ಚಿತ್ರದ ಅಳತೆ ಫ್ಲಾಟ್ ಮಾದರಿಗೆ 1998×1080, ಸ್ಕೋಪ್ ಮಾದರಿಗೆ 2048×858 ಪಿಕ್ಸೆಲ್ ಆಗಿರುತ್ತದೆ. ಸಾಮಾನ್ಯ ವೇಗ ಸೆಕೆಂಡಿಗೆ 24 ಫ್ರೇಮ್.

ಕ್ಯಾಮೆರಾವನ್ನು 25 ಫ್ರೇಮ್‌ಗೆ ಹೊಂದಿಸಿ ಚಿತ್ರೀಕರಿಸಿದ 90 ನಿಮಿಷಗಳ ಚಿತ್ರವನ್ನು 24 ಫ್ರೇಮ್ ವೇಗದಲ್ಲಿ ಓಡಿಸಿದರೆ ಅವಧಿ 93 ನಿಮಿಷ 45 ಸೆಕೆಂಡಿಗೆ ಹಿಗ್ಗುತ್ತದೆ. ಸರಿಪಡಿಸದಿದ್ದರೆ ಧ್ವನಿಯ ಸ್ಥಾಯಿಯೂ ತಗ್ಗುತ್ತದೆ. ಮೊಬೈಲ್ ಫೋನಿನ ಚಿತ್ರಿಕೆಗಳಲ್ಲಿ ಫ್ರೇಮ್ ವೇಗವು ಏರಿಳಿಯುವುದರಿಂದ ಮಾತು ಮತ್ತು ತುಟಿಚಲನೆ ಹೊಂದದೆ ಹೋಗಬಹುದು. ಅಂತಹ ಚಿತ್ರಿಕೆಗಳನ್ನು ಸಂಕಲನಕ್ಕೆ ಮೊದಲು ಸ್ಥಿರ ವೇಗಕ್ಕೆ ಪರಿವರ್ತಿಸತಕ್ಕದ್ದು.

2. ಪ್ರಮುಖ ತಂತ್ರಾಂಶಗಳು

ಅ) ಡಾವಿಂಚಿ ರಿಸಾಲ್ವ್: ಸಂಕಲನ, ವರ್ಣ ಸಂಸ್ಕರಣ ಮತ್ತು ಧ್ವನಿ ಸಂಯೋಜನೆಗಳನ್ನು ಒಂದೆಡೆ ಒದಗಿಸುತ್ತದೆ. ಉಚಿತ ಆವೃತ್ತಿ ಲಭ್ಯವಿದ್ದು, ಅದರ ಚಿತ್ರದ ಗರಿಷ್ಠ ಅಳತೆ 3840×2160 ಆಗಿರುತ್ತದೆ. 2ಕೆ ಪ್ರತಿಗೆ ಇದು ಸಾಕು. 4096 ಪಿಕ್ಸೆಲ್ ಅಗಲದ ಪೂರ್ಣ 4ಕೆ ಪ್ರತಿಗೆ ಸಾಲದು.

ಆ) ಅಡೋಬಿ ಪ್ರೀಮಿಯರ್: ಚಂದಾ ಆಧಾರದಲ್ಲಿ ದೊರೆಯುತ್ತದೆ. ಚಂದಾ ಮುಗಿದ ನಂತರ ಯೋಜನಾ ಕಡತವನ್ನು ತೆರೆದು ತಿದ್ದಲಾಗದು. ಪ್ರಮಾಣೀಕರಣ ಮುಗಿಯುವವರೆಗಿನ ಚಂದಾ ವೆಚ್ಚವನ್ನು ಆಯವ್ಯಯದಲ್ಲಿ ಸೇರಿಸತಕ್ಕದ್ದು.

ಇ) ಫೈನಲ್ ಕಟ್ ಪ್ರೊ: ಮ್ಯಾಕ್ ಗಣಕದಲ್ಲಿ ಸಂಕಲನ ಮಾಡುವವರಿಗೆ ಉಪಯುಕ್ತ. ಧ್ವನಿ ತಂತ್ರಜ್ಞರಿಗೆ ನೀಡಬೇಕಾದ ಎ.ಎ.ಎಫ್. ಕಡತವನ್ನು ಸಿದ್ಧಪಡಿಸಲು ಪ್ರತ್ಯೇಕ ತಂತ್ರಾಂಶ ಬೇಕಾಗುತ್ತದೆ.

ಈ) ಅವಿಡ್ ಮೀಡಿಯಾ ಕಂಪೋಸರ್: ಹಲವು ಸಂಕಲನಕಾರರು ಏಕಕಾಲದಲ್ಲಿ ಕೆಲಸ ಮಾಡುವ ದೊಡ್ಡ ಚಿತ್ರಗಳಿಗೆ ಸೂಕ್ತ. ಕಲಿಕೆಗೆ ಹೆಚ್ಚಿನ ಕಾಲಾವಕಾಶ ಬೇಕು.

ಉ) ಕೆಡೆನ್‌ಲೈವ್ ಮತ್ತು ಶಾಟ್‌ಕಟ್: ಉಚಿತವಾದ ಮುಕ್ತ ತಂತ್ರಾಂಶಗಳು. ಕಿರುಚಿತ್ರ, ಸಾಕ್ಷ್ಯಚಿತ್ರಗಳಿಗೆ ಉಪಯುಕ್ತ.

ಮುಗಿದ ಚಿತ್ರವನ್ನು ಡಿ.ಸಿ.ಪಿ.ಗೆ ಪರಿವರ್ತಿಸಲು ಡಿ.ಸಿ.ಪಿ.-ಒ-ಮ್ಯಾಟಿಕ್ ಎಂಬ ಮುಕ್ತ ತಂತ್ರಾಂಶವನ್ನೂ ಬಳಸಬಹುದು.

3. ಕನ್ನಡ ಶೀರ್ಷಿಕೆ ಮತ್ತು ಉಪಶೀರ್ಷಿಕೆ

ಎಲ್ಲ ತಂತ್ರಾಂಶಗಳಲ್ಲಿಯೂ ಕನ್ನಡದ ಒತ್ತಕ್ಷರಗಳು ತಾವಾಗಿ ಸರಿಯಾಗಿ ಮೂಡುವುದಿಲ್ಲ. ಉದಾಹರಣೆಗೆ, ಪ್ರೀಮಿಯರ್‌ನಲ್ಲಿ ಪಠ್ಯ ವ್ಯವಸ್ಥೆಯನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. 'ಸ್ವಾತಂತ್ರ್ಯ', 'ರಾಷ್ಟ್ರೀಯ' ಮುಂತಾದ ಪದಗಳನ್ನು ಬೆರಳಚ್ಚು ಮಾಡಿ ಪರಿಶೀಲಿಸತಕ್ಕದ್ದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳ ಪಠ್ಯವು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ, ಉಪಶೀರ್ಷಿಕೆಗಳನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸುವುದು ಒಳಿತು.

4. ಸಂಗ್ರಹ ಸಾಮರ್ಥ್ಯ

1920×1080 ಅಳತೆಯ, 24 ಫ್ರೇಮ್ ವೇಗದ ಪ್ರೋರೆಸ್ 422 ಚಿತ್ರಿಕೆಗೆ ಗಂಟೆಗೆ ಸುಮಾರು 53 ಗಿಗಾಬೈಟ್ ಸ್ಥಳ ಬೇಕು. 40 ಗಂಟೆಗಳ ಚಿತ್ರಿಕೆಗೆ ಇದು 2,120 ಗಿಗಾಬೈಟ್ ಆಗುತ್ತದೆ. ಗಣಕದ ಸಾಮರ್ಥ್ಯ ಕಡಿಮೆಯಿದ್ದಲ್ಲಿ, ಗಂಟೆಗೆ ಸುಮಾರು 16 ಗಿಗಾಬೈಟ್ ಹಿಡಿಸುವ ಪ್ರೋರೆಸ್ ಪ್ರಾಕ್ಸಿ ಪ್ರತಿಗಳಲ್ಲಿ ಸಂಕಲನ ನಡೆಸಿ, ಕೊನೆಯಲ್ಲಿ ಮೂಲ ಚಿತ್ರಿಕೆಗಳಿಗೆ ಮರುಜೋಡಿಸಬಹುದು.

5. ಆಯ್ಕೆಗೆ ಮುನ್ನ ಪರೀಕ್ಷೆ

ಎರಡು ನಿಮಿಷಗಳ ಒಂದು ದೃಶ್ಯವನ್ನು ಕೆಳಕಂಡ ಎಲ್ಲ ಹಂತಗಳಲ್ಲಿ ಸಾಗಿಸಿ ನೋಡತಕ್ಕದ್ದು:

* ಬಳಸಲಿರುವ ಕ್ಯಾಮೆರಾದ ಚಿತ್ರಿಕೆಯನ್ನು ಸಂಕಲಿಸುವುದು
* ಕನ್ನಡ ಶೀರ್ಷಿಕೆ ಸೇರಿಸುವುದು
* ಎ.ಎ.ಎಫ್. ಕಡತವನ್ನು ಧ್ವನಿ ತಂತ್ರಜ್ಞರ ಗಣಕದಲ್ಲಿ ತೆರೆಯುವುದು
* ಡಿ.ಸಿ.ಪಿ. ತಯಾರಿಸಿ ಚಿತ್ರಮಂದಿರದ ಪರದೆಯ ಮೇಲೆ ವೀಕ್ಷಿಸುವುದು

6. ಕಡತಗಳ ಸಂರಕ್ಷಣೆ

2011ರಲ್ಲಿ ಬಿಡುಗಡೆಯಾದ ಫೈನಲ್ ಕಟ್ ಪ್ರೊ ಎಕ್ಸ್ ತಂತ್ರಾಂಶದಲ್ಲಿ ಹಿಂದಿನ 7ನೇ ಆವೃತ್ತಿಯ ಯೋಜನಾ ಕಡತಗಳು ನೇರವಾಗಿ ತೆರೆಯುತ್ತಿರಲಿಲ್ಲ. ಇಂತಹ ಸಂದರ್ಭವನ್ನು ಎದುರಿಸಲು ಯೋಜನಾ ಕಡತದೊಂದಿಗೆ ಎಕ್ಸ್.ಎಂ.ಎಲ್. ಪ್ರತಿ, ಶೀರ್ಷಿಕೆಗಳಿಲ್ಲದ ಚಿತ್ರದ ಪ್ರತಿ ಹಾಗೂ ಸಂಭಾಷಣೆ, ಸಂಗೀತ ಮತ್ತು ಪರಿಣಾಮ ಧ್ವನಿಗಳ ಪ್ರತ್ಯೇಕ ಪ್ರತಿಗಳನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡತಕ್ಕದ್ದು. ಕೆಲಸ ಮುಗಿಯುವವರೆಗೆ ತಂತ್ರಾಂಶದ ಆವೃತ್ತಿಯನ್ನು ಬದಲಾಯಿಸದಿರುವುದು ಕ್ಷೇಮ.

ಸೂಚನೆ: ಪ್ರಮಾಣಪತ್ರ ಪಡೆದ ನಂತರ ಚಿತ್ರದಲ್ಲಿ ಮಾಡುವ ಬದಲಾವಣೆಗಳನ್ನು ಮಂಡಳಿಯ ಗಮನಕ್ಕೆ ತರುವುದು ಅರ್ಜಿದಾರರ ಹೊಣೆಯಾಗಿರುತ್ತದೆ. ಸಹಾಯಧನ, ಪ್ರಶಸ್ತಿ ಅಥವಾ ಚಿತ್ರೋತ್ಸವಗಳಿಗೆ ಅರ್ಜಿ ಸಲ್ಲಿಸುವವರು ಆಯಾ ವರ್ಷದ ಪ್ರಕಟಣೆಯಲ್ಲಿ ಕೋರಿರುವ ಪ್ರತಿಯ ಸ್ವರೂಪವನ್ನು ಮೊದಲು ಪರಿಶೀಲಿಸುವುದು.